ಕತೆ ಕಟ್ಟೆಯ ಎರಡು ಪಂಕ್ತಿ

ಗುತ್ತಲು, ಮಂಡ್ಯ
16 ಜನವರಿ 2025

ನನ್ನ ಮುದ್ದಿನ ಮಗಳು ದೀಪಿಕಳಿಗೆ ದೊಡ್ಡವ್ವ ಯಶೋದಮ್ಮನ ಆಶೀರ್ವಾದ.

ಫೋನು ಇರುವಾಗ ಕಾಗದ ಯಾಕೆ ಎಂದು ನಗಬೇಡ. ನೀನು ಫೋನು ಎತ್ತುತ್ತಿಲ್ಲ, ಅದಕ್ಕೆ. ಕಾಗದವಾದರೆ ಎತ್ತಿಕೊಳ್ಳಲೇಬೇಕು, ಅಂಚೆಯವನು ಬಾಗಿಲಲ್ಲಿ ನಿಂತಿರುತ್ತಾನೆ.

ಶನಿವಾರ ನೀನು ‘ಕತೆ ಕಟ್ಟೆ’ಯಿಂದ ಎದ್ದು ಹೋದದ್ದು ನನಗೆ ಇನ್ನೂ ನಂಬಿಕೆಯಾಗುತ್ತಿಲ್ಲ. ಆ ವಾಟ್ಸಾಪ್ ಗುಂಪು ಮಾಡಿಕೊಟ್ಟವಳೇ ನೀನು. ನಾನು ಅಂಗನವಾಡಿ ಕೆಲಸದಿಂದ ನಿವೃತ್ತಿಯಾಗಿ, ಮನೆಯಲ್ಲಿ ಕೂತು ನಿನ್ನ ದೊಡ್ಡಪ್ಪನ ಜೊತೆ ಜಗಳವಾಡುತ್ತಿದ್ದಾಗ, ‘ಆ ಬಾಯ್ನ ಕತೆಗೆ ಕರ್ಚು ಮಾಡು ದೊಡ್ಡವ್ವ, ನಾನು ಮಳವಳ್ಳೀಲಿ ಕೂತು ಕೇಳ್ತೀನಿ’ ಎಂದು ನನ್ನ ಫೋನಿನಲ್ಲಿ ಅದೇನೇನೋ ಒತ್ತಿದೆ. ನಾವಿಬ್ಬರೇ ಇದ್ದ ಕಟ್ಟೆಯ ಮೇಲೆ ಈಗ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಮುನ್ನೂರು ಚಿಲ್ಲರೆ ಜನ ಕೂತಿದ್ದಾರೆ. ಕಟ್ಟಿದವಳೇ ಎದ್ದು ಹೋದರೆ ಹೇಗೆ?

ನಾನು ಮಾಡಿದ್ದಾದರೂ ಏನು? ಗುಂಪನ್ನು ಎರಡು ಮಾಡಿದೆ, ಅಷ್ಟೆ. ವಿ.ಸಿ. ಫಾರಂನ ಗದ್ದೆಗಳಿಗೆ ಕೂಲಿ ಹೋಗುವ ಬೆಟ್ಟಮ್ಮ ಅತ್ತೆ ಸೊಸೆ ಕತೆ ಹೇಳುತ್ತಿದ್ದಾಗ ಕಿರುಗಾವಲಿನ ಮರಿಸಿದ್ದಯ್ಯನವರು ನಡುವೆ ಬಾಯಿ ಹಾಕಿ, ಇಂಥವೆಲ್ಲ ಒಲೆ ಮುಂದೆ ಹೇಳಿಕೊಳ್ಳುವುದಕ್ಕೆ ಲಾಯಕ್ಕು ಎಂದು ಬರೆದು ನಗುವ ಮುಖ ಹಾಕಿದ್ದು ನಿನಗೂ ಗೊತ್ತು. ಬೆಟ್ಟಮ್ಮ ಅಲ್ಲಿಗೇ ನಿಲ್ಲಿಸಿದಳು. ಕತೆಯ ಸೊಸೆ ಇವತ್ತಿಗೂ ಬಾವಿಯ ದಡದಲ್ಲಿ ಬಿಂದಿಗೆ ಹಿಡಿದು ನಿಂತಿದ್ದಾಳೆ. ಮಾರನೆಯ ದಿನ ಪಕ್ಕದ ಮನೆಯ ರಂಜಿತ ಬಂದು, ‘ನಮಗೆ ಬ್ಯಾರೆ ಗುಂಪು ಮಾಡ್ಕೊಡಿ ಯಶೋದಮ್ಮ, ಇಲ್ಲಾಂದ್ರೆ ನಾವ್ಯಾರೂ ಬಾಯಿ ಬುಡಾಕಿಲ್ಲ’ ಎಂದಳು. ಮದುವೆ ಮನೆಯಲ್ಲಿ ಗಂಡಸರಿಗೊಂದು, ಹೆಂಗಸರಿಗೊಂದು ಪಂಕ್ತಿ ಹಾಕುವುದಿಲ್ಲವೇ, ಹಾಗೇ ಮಾಡಿದರಾಯಿತು ಎಂದುಕೊಂಡೆ. ಹೆಂಗಸರ ಕಟ್ಟೆಗೆ ಮೊದಲು ನಿನ್ನನ್ನೇ ಸೇರಿಸಿ, ನಮ್ಮ ಮನೆ ಹೆಣ್ಣುಮಗಳು ದೀಪಿಕ, ಇನ್ನು ಮೇಲೆ ಇವಳೇ ಈ ಕಟ್ಟೆಯ ಯಜಮಾನಿ ಎಂದು ಎಲ್ಲರಿಗೂ ಹೇಳಿದೆ. ಕಾಫಿ ಕುಡಿದು ಲೋಟ ಇಡುವಷ್ಟರಲ್ಲಿ ನೀನು ಇರಲಿಲ್ಲ.

ಈಗ ನನ್ನ ಫಜೀತಿ ಕೇಳು. ಒಂದೇ ಕತೆಯನ್ನು ಎರಡು ಕಡೆ ಹೇಳಬೇಕು, ಎರಡು ಕಡೆಯೂ ಹೂಂಗುಟ್ಟುವವರಿಲ್ಲ. ನಮ್ಮವ್ವ ಕತೆ ಹೇಳುವಾಗ ಯಾರಾದರೂ ಒಬ್ಬರು ‘ಹ್ಞೂಂ’ ಎನ್ನುತ್ತಿರಬೇಕಿತ್ತು. ಹ್ಞೂಂ ನಿಂತರೆ ಕತೆಯೂ ನಿಂತಿತು. ನಾನೂ ಒಂದು ತುಂಡು ಕತೆ ಕಳಿಸಿ, ನಿನ್ನ ದನಿಯಲ್ಲಿ ಹ್ಞೂಂ ಬಂದ ಮೇಲೆ ತಾನೇ ಮುಂದಿನ ತುಂಡು ಕಳಿಸುತ್ತಿದ್ದದ್ದು? ಇವರು ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ಹೆಬ್ಬೆರಳಿಗೆ ದನಿ ಎಲ್ಲಿಂದ ಬರಬೇಕು?

ಯಾರಾದರೂ ಏನಾದರೂ ಅಂದರೇ? ಹೇಳು. ಅಂದವರ ಮನೆ ಬಾಗಿಲಿಗೆ ಹೋಗಿ ಬರುತ್ತೇನೆ.

ನಿನ್ನ ದೊಡ್ಡವ್ವ
ಯಶೋದಮ್ಮ


ಮಳವಳ್ಳಿ
24 ಜನವರಿ 2025

ದೊಡ್ಡವ್ವ,

ಕಾಗದ ಸಿಕ್ಕಿತು. ಸ್ಟುಡಿಯೋ ವಿಳಾಸಕ್ಕೆ ಕೈಬರಹದ ಕಾಗದ ಬಂದಿದೆ ಎಂದು ನಮ್ಮ ಮಾಲೀಕರು ಜಲಾಲ್ ಸಾಹೇಬರು ಗಿರಾಕಿಗಳಿಗೆಲ್ಲ ಲಕೋಟೆ ತೋರಿಸಿದರು.

ಯಾರೂ ಏನೂ ಅಂದಿಲ್ಲ. ಫೋನಿನಲ್ಲಿ ಜಾಗ ಇರಲಿಲ್ಲ, ಅದಕ್ಕೆ ಗುಂಪು ಬಿಟ್ಟೆ. ಸಂಕ್ರಾಂತಿ ಕಳೆದು ಮದುವೆಗಳು ಶುರುವಾಗಿವೆ. ಫೋಟೋ ಹಿಡಿಯುವುದು ಸಾಹೇಬರು, ಆಲ್ಬಂ ಜೋಡಿಸುವುದು ನಾನು. ತಲೆ ಎತ್ತಲು ಹೊತ್ತಿಲ್ಲ. ಸದ್ಯಕ್ಕೆ ನನ್ನನ್ನು ಯಾವ ಕಡೆಗೂ ಸೇರಿಸಬೇಡ.

ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀಯ ತಾನೆ? ಕಾಗದದಲ್ಲಿ ದೀಪು ಎಂದು ಬರೆ, ಸಾಕು.

ದೀಪು


ಗುತ್ತಲು
31 ಜನವರಿ 2025

ಪ್ರೀತಿಯ ದೀಪುಗೆ,

ನೀನು ಹೇಳಿದ ಹಾಗೇ ಬರೆದಿದ್ದೇನೆ. ದೀಪಿಕ ಎಂದು ಹೆಸರಿಟ್ಟವಳು ನಾನೇ ಆದರೂ ಮೊಟಕು ಮಾಡಿದ್ದಕ್ಕೆ ಬೇಜಾರಿಲ್ಲ.

ಇದರ ಜೊತೆ ಒಂದು ಮೆಮೊರಿ ಕಾರ್ಡು ಇಟ್ಟಿದ್ದೇನೆ, ಲಕೋಟೆಯನ್ನು ಹುಷಾರಾಗಿ ಬಿಚ್ಚು. ಇದರೊಳಗೆ ಇಡೀ ಮಂಡ್ಯವನ್ನೇ ತುಂಬಬಹುದು ಎಂದು ಅಂಗಡಿಯವನು ಹೇಳಿದ. ಇನ್ನು ಜಾಗದ ತಾಪತ್ರಯ ಇರುವುದಿಲ್ಲ. ನಿನ್ನ ದೊಡ್ಡಪ್ಪ ಮಹದೇವಯ್ಯನವರು ಮಾತ್ರ ನಾನು ಅಂಟು ಹಾಕುವುದನ್ನೇ ನೋಡುತ್ತಾ, ‘ಜಾಗ ಇಲ್ದೆ ಇರೋದು ಫೋನಲ್ಲಿ ಅಲ್ಲ ಕಣೆ’ ಎಂದರು. ಈ ಮನುಷ್ಯನಿಗೆ ಎಲ್ಲವೂ ಒಗಟು.

ಇನ್ನೊಂದು ಅನುಮಾನವೂ ನನಗಿತ್ತು. ದೀಪಾವಳಿಯಲ್ಲಿ ನೀನು ಬಂದಾಗ ರಂಜಿತ ಎಲ್ಲರ ಮುಂದೆ ಮದುವೆ ಯಾವಾಗ ಎಂದು ಕೇಳಿದ್ದಳಲ್ಲ, ಅವಳು ಆ ಕಟ್ಟೆಯಲ್ಲಿ ಇರುವುದಕ್ಕೇ ನೀನು ಬಿಟ್ಟೆ ಎಂದು ಹೊಳೆಯಿತು. ಅವಳಿಂದ ಗುಂಪಿನಲ್ಲಿ ಕ್ಷಮೆ ಕೇಳಿಸಿದೆ. ಯಾವುದಕ್ಕೆ ಎಂದು ಅವಳಿಗೂ ಗೊತ್ತಿಲ್ಲ, ಪಾಪ. ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ ಎಂದು ಬರೆದಳು. ಅದನ್ನು ಓದಿದ ಮೇಲೆ ನಾಲ್ಕು ಹೆಂಗಸರು ತಮಗೇ ನೋವಾಗಿದೆ ಎಂದು ಹೇಳಿಕೊಂಡಿದ್ದಾರೆ. ಈಗ ಅವರನ್ನು ಸಮಾಧಾನ ಮಾಡುತ್ತಿದ್ದೇನೆ.

ಬಂದುಬಿಡು ಮಗಳೇ. ನನಗೆ ಹುಟ್ಟಿದ್ದು ಎರಡೂ ಗಂಡು, ಎರಡೂ ತಮ್ಮ ತಮ್ಮ ಸಂಸಾರದಲ್ಲಿವೆ. ಹೆಣ್ಣು ಅಂತ ನನಗೆ ಇರುವುದು ನೀನೊಬ್ಬಳೇ. ನಮ್ಮವ್ವನ ಕಿವಿಯ ಓಲೆಯನ್ನೂ ನಿನಗೆಂದೇ ಎತ್ತಿಟ್ಟಿದ್ದೇನೆ.

ದೊಡ್ಡವ್ವ


ಮಳವಳ್ಳಿ
12 ಫೆಬ್ರವರಿ 2025

ದೊಡ್ಡವ್ವ,

ಮೆಮೊರಿ ಕಾರ್ಡು ನೋಡಿ ಮೊದಲು ನಗು ಬಂತು. ದೊಡ್ಡಪ್ಪನ ಮಾತು ಓದಿದಾಗ ಅಳು ಬಂತು. ಅವರು ಹೇಳಿದ್ದೇ ಸರಿ. ನಾನು ಸುಳ್ಳು ಬರೆದಿದ್ದೆ.

ಸ್ಟುಡಿಯೋದಲ್ಲಿ ಮನೆಮಂದಿಯ ಫೋಟೋ ತೆಗೆಯುವಾಗ ಜಲಾಲ್ ಸಾಹೇಬರು ಒಂದು ಕೂಗು ಹಾಕುತ್ತಾರೆ. ‘ಗಂಡಸ್ರು ಎಡಕ್ಕೆ, ಹೆಂಗಸ್ರು ಬಲಕ್ಕೆ ನಿಂತ್ಕಳಿ.’ ದಿನವೂ ಕೇಳುತ್ತೇನೆ. ಕೂಗಿದ್ದು ನನ್ನನ್ನಲ್ಲ, ಆದರೂ ಕೇಳಿದ ಕೂಡಲೇ ನಾನೆಲ್ಲಿ ನಿಲ್ಲಬೇಕು ಎಂದು ಒಳಗೆ ಹುಡುಕಾಟ ಶುರುವಾಗುತ್ತದೆ. ಬಲಕ್ಕೆ ನಿಂತರೆ ಯಾರದೋ ಬಟ್ಟೆ ಹಾಕಿಕೊಂಡ ಹಾಗೆ. ಎಡಕ್ಕೆ ನಿಂತೆ ಎಂದುಕೊಂಡರೂ ಅದು ಇನ್ಯಾರದೋ ಬಟ್ಟೆಯೇ.

ಇದು ಈಚಿನದಲ್ಲ. ಚಿಕ್ಕಂದಿನಲ್ಲಿ ಮದುವೆಗೆ ಹೋದರೆ ನಾನು ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಬಡಿಸುವವರ ಜೊತೆ ನೀರಿನ ಜಗ್ಗು ಹಿಡಿದು ಓಡಾಡುತ್ತಿದ್ದೆ. ಎಷ್ಟು ಕೆಲಸವಂತ ಮಗು ಎಂದು ನೀವೆಲ್ಲ ಹೊಗಳುತ್ತಿದ್ದಿರಿ. ನನಗೆ ಕೆಲಸದ ಆಸೆ ಏನೂ ಇರಲಿಲ್ಲ ದೊಡ್ಡವ್ವ. ಎಲ್ಲ ಮುಗಿದ ಮೇಲೆ ಬಡಿಸಿದವರು ಗಂಡು ಹೆಣ್ಣು ಎನ್ನದೆ ಸಿಕ್ಕ ಕಡೆ ಕೂತು ಉಣ್ಣುತ್ತಾರಲ್ಲ, ಅಲ್ಲಿ ಮಾತ್ರ ನನಗೆ ಊಟ ಸೇರುತ್ತಿತ್ತು.

ಕತೆ ಕಟ್ಟೆ ನನಗೆ ಹಾಗಿತ್ತು. ಅಲ್ಲಿ ನಾನು ಬರೀ ದೀಪು, ಹ್ಞೂಂ ಎನ್ನುವ ಒಂದು ದನಿ. ಒಂದು ಸಲ ಯಾರೋ ಗುರುತಿಲ್ಲದವರು ‘ಇವತ್ತು ದೀಪು ಅವರು ಚೆನ್ನಾಗಿ ಹೂಂಗುಟ್ಟಿದರು’ ಎಂದು ಬರೆದಿದ್ದರು. ನಾನು ಗಂಡೋ ಹೆಣ್ಣೋ ಅವರಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಸಾಲನ್ನು ಫೋಟೋ ತೆಗೆದು ಇಟ್ಟುಕೊಂಡಿದ್ದೇನೆ. ನೀನು ಕಟ್ಟೆಯನ್ನು ಎರಡು ಮಾಡಿ ನನ್ನನ್ನು ಹೆಣ್ಣುಮಗಳು ಎಂದು ಕೂಗಿ ಕೂರಿಸಿದಾಗ, ನನಗಿದ್ದ ಒಂದು ಜಾಗವೂ ಹೋಯಿತು ಅನ್ನಿಸಿತು.

ಹೆಣ್ಣು ಎಂದು ಬದುಕುವುದು ನನಗೆ ಆಗುತ್ತಿಲ್ಲ. ಗಂಡು ಎಂದೂ ಅಲ್ಲ. ನಾನು ಇರುವ ಹಾಗೆ ಇದ್ದೇನೆ, ಅದಕ್ಕೆ ನಮ್ಮ ಕಡೆ ಏನು ಹೆಸರೋ ಗೊತ್ತಿಲ್ಲ. ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದೇನೆ, ಅದಕ್ಕೇ ಸಂಕ್ರಾಂತಿಗೆ ಬರಲಿಲ್ಲ.

ಅವ್ವನಿಗೆ ಇದನ್ನು ಹೇಳಿಲ್ಲ. ನಿನಗೊಬ್ಬಳಿಗೇ ಹೇಳುತ್ತಿರುವುದು. ಹೆಣ್ಣು ಅಂತ ಇರುವುದು ನೀನೊಬ್ಬಳೇ ಎಂದು ಬರೆದಿದ್ದೆಯಲ್ಲ, ಇನ್ನೂ ಮುಚ್ಚಿಟ್ಟರೆ ನಿನಗೆ ಮೋಸ ಮಾಡಿದಂತೆ. ಆ ಮಗಳು ಇಲ್ಲದಿದ್ದರೂ ನಾನು ಬೇಕು ಎಂದಾದರೆ ಬರೆ. ಬೇಡ ಎಂದಾದರೂ ಬರೆ, ಗುತ್ತಲಿಗೆ ಬರುವುದನ್ನು ಬಿಡುತ್ತೇನೆ. ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಬರೆಯಲು ಹೊರಟಿದ್ದೆ, ಅದೂ ಸುಳ್ಳಾಗುತ್ತದೆ.

ದೀಪು


ಮಳವಳ್ಳಿ
3 ಮಾರ್ಚ್ 2025

ದೊಡ್ಡವ್ವ,

ನಿನ್ನ ಕಾಗದಕ್ಕೆ ಕಾದೆ. ಕಾಗದ ಬರಲಿಲ್ಲ. ಅದರ ಬದಲು ನನ್ನನ್ನು ಗಂಡಸರ ಕಟ್ಟೆಗೆ ಸೇರಿಸಿ, ನಮ್ಮ ದೀಪು ಇನ್ನು ಮೇಲೆ ನಿಮ್ಮ ಕಡೆ, ಚೆನ್ನಾಗಿ ನೋಡಿಕೊಳ್ಳಿ ಎಂದು ಹಾಕಿದೆ. ಯಾರೋ ‘ಬಾರ್ಲಾ ಮಗಾ’ ಎಂದರು. ಮರಿಸಿದ್ದಯ್ಯನವರು ಮೀಸೆಯ ಚಿತ್ರ ಕಳಿಸಿದರು.

ಆ ಪಂಕ್ತಿಯಿಂದ ಎಬ್ಬಿಸಿ ಈ ಪಂಕ್ತಿಯಲ್ಲಿ ಕೂರಿಸಿದೆ. ನಾನು ಬರೆದದ್ದು ಅದಲ್ಲ.

ಅದಕ್ಕಿಂತ ಹೆಚ್ಚಾಗಿ, ನಾನು ಹೇಳಿದ್ದು ನಿನಗೊಬ್ಬಳಿಗೆ. ಆ ಗುಂಪಿನಲ್ಲಿ ನನ್ನ ತಮ್ಮ ಅಪ್ಪುವೂ ಇದ್ದಾನೆ ಎನ್ನುವುದನ್ನು ಮರೆತೆಯಾ? ಅವತ್ತೇ ಮದ್ದೂರಿನಿಂದ ಫೋನು ಮಾಡಿದ್ದ. ಅವನು ಏನೆಂದ ಎಂದು ಈಗ ಬರೆಯಲು ಮನಸ್ಸಿಲ್ಲ.

ನೀನೂ ಸ್ವಲ್ಪ ದಿನ ಬರೆಯಬೇಡ.

ದೀಪು


ಗುತ್ತಲು
12 ಮಾರ್ಚ್ 2025

ದೀಪು,

ಬರೆಯಬೇಡ ಎಂದೆ, ಬರೆಯುತ್ತಿದ್ದೇನೆ. ಓದದೆ ಇಟ್ಟರೂ ಸರಿ, ಹರಿಯಬೇಡ.

ನಿನ್ನ ದೊಡ್ಡ ಕಾಗದ ಬಂದಾಗ ನಾನು ಓದಿದ್ದು ನನಗೆ ಬೇಕಾದಷ್ಟನ್ನು ಮಾತ್ರ. ಹೆಣ್ಣು ಎಂದು ಬದುಕಲು ಆಗುತ್ತಿಲ್ಲ ಎಂಬ ಸಾಲು ಬಂತು. ಓಹೋ ಹಾಗಾದರೆ ಗಂಡು ಎಂದು ನಾನೇ ತೀರ್ಮಾನ ಮಾಡಿ, ಮುಂದಿನದರ ಮೇಲೆ ಕಣ್ಣು ಓಡಿಸಿ, ಫೋನು ತೆಗೆದುಕೊಂಡೆ. ಅಂಗನವಾಡಿಯಲ್ಲಿ ಅದೇ ಅಭ್ಯಾಸ. ಮಗು ಅತ್ತರೆ ಮೊದಲು ಎತ್ತಿ ಬೇರೆ ಕಡೆ ಕೂರಿಸುವುದು, ಯಾಕೆ ಅತ್ತಿತು ಎಂದು ಆಮೇಲೆ ಕೇಳುವುದು. ನಿನ್ನನ್ನೂ ಹಾಗೇ ಎತ್ತಿ ಕೂರಿಸಿದೆ. ಒಳ್ಳೆಯದು ಮಾಡಿದೆನೆಂದು ಬೀಗಿದೆ ಕೂಡ, ಅದಕ್ಕೇ ಕಾಗದ ಬರೆಯಲಿಲ್ಲ. ನೀನು ಮತ್ತೆ ಎದ್ದು ಹೋದ ಮೇಲೆ ನಿನ್ನ ಕಾಗದವನ್ನು ಇನ್ನೊಮ್ಮೆ ತೆಗೆದೆ. ಗಂಡು ಎಂದೂ ಅಲ್ಲ ಎಂದು ನೀನು ಬಿಡಿಸಿ ಬರೆದಿದ್ದೀಯ. ಆಗ ಬರೆಯಲು ಮುಖ ಇರಲಿಲ್ಲ.

ಅಪ್ಪು ಅಲ್ಲಿದ್ದಾನೆ ಎಂಬುದು ನನ್ನ ತಲೆಗೇ ಬರಲಿಲ್ಲ. ನನಗೊಬ್ಬಳಿಗೆ ಕೊಟ್ಟದ್ದನ್ನು ಪ್ರಸಾದದ ಹಾಗೆ ಹಂಚಿಬಿಟ್ಟೆ. ಅದು ತಪ್ಪು. ಅದಕ್ಕೆ ನೆಪ ಹೇಳುವುದಿಲ್ಲ.

ಬೇಕಾ ಬೇಡವಾ ಎಂದು ನೀನು ಕೇಳಿದ್ದೆ. ಮಗಳು ಇಲ್ಲ ಎಂದು ತಿಳಿದಾಗ ನನಗೆ ಊಟ ಸೇರಲಿಲ್ಲ, ಅದು ನಿಜ. ನಮ್ಮವ್ವನ ಓಲೆ ತೆಗೆದು ಕೈಯಲ್ಲಿಟ್ಟುಕೊಂಡು ಕೂತಿದ್ದೆ. ನಿನ್ನ ದೊಡ್ಡಪ್ಪ ಪಕ್ಕ ಬಂದು ಕೂತು, ‘ಮಗು ಎಲ್ಲೂ ಓಗಿಲ್ಲ ಕಣೆ, ಮಳವಳ್ಳೀಲೇ ಐತೆ’ ಎಂದರು. ಹೌದಲ್ಲ ಎನ್ನಿಸಿತು. ಎದ್ದು ಮುದ್ದೆ ತೊಳಸಿದೆ.

ನೀನು ನನಗೆ ಬೇಕು ದೀಪು. ಪೂರ್ತಿ ಅರ್ಥವಾಗಿದೆ ಎಂದು ಹೇಳುವುದಿಲ್ಲ. ಅರ್ಥವಾದ ಮೇಲೇ ಪ್ರೀತಿ ಎಂದು ಕೂತಿದ್ದರೆ ನಿನ್ನ ದೊಡ್ಡಪ್ಪನ ಜೊತೆ ಒಂದು ವರ್ಷವೂ ಬಾಳಲು ಆಗುತ್ತಿರಲಿಲ್ಲ.

ಈಗ ಕಟ್ಟೆಯ ಸಮಾಚಾರ. ಎರಡನ್ನೂ ಮತ್ತೆ ಒಂದು ಮಾಡಿದೆ. ರಂಜಿತ ಮೊದಲು ಒಪ್ಪಲಿಲ್ಲ. ಒಂದು ಮಾಡಿದರೆ ಬೆಟ್ಟಮ್ಮನ ಗತಿ ಏನು ಎಂದಳು. ನ್ಯಾಯವಾದ ಮಾತು. ಬೇಲಿ ಹಾಕಬೇಕಾದದ್ದು ಗೇಲಿ ಮಾಡುವ ಬಾಯಿಗೆ, ನಾನು ಹಾಕಿದ್ದು ಕೂತವರ ನಡುವೆ. ಆದ್ದರಿಂದ ಕತೆಯ ನಡುವೆ ಹೀಯಾಳಿಸಿದವರ ಬಾಯಿ ಮುಚ್ಚಿಸುವ ಅಧಿಕಾರವನ್ನು ರಂಜಿತಳ ಕೈಗೇ ಕೊಟ್ಟೆ. ಅವಳು ಮೊದಲು ಮುಚ್ಚಿಸಿದ್ದು ನಿನ್ನ ದೊಡ್ಡಪ್ಪನ ಬಾಯಿ. ಬೆಟ್ಟಮ್ಮ ಕತೆ ಮುಂದುವರಿಸಿದ್ದಾಳೆ, ಸೊಸೆ ಬಾವಿಯಿಂದ ಮನೆಗೆ ಬಂದಳು.

ನಾನು ಕತೆ ಶುರು ಮಾಡುವಾಗ ಅಣ್ಣಂದಿರಾ, ಅಕ್ಕಂದಿರಾ ಎಂದು ಕರೆಯುತ್ತಿದ್ದೆನಲ್ಲ, ಅದರ ಬದಲು ಏನೆನ್ನುವುದು ಎಂದು ಎಲ್ಲರನ್ನೂ ಕೇಳಿದೆ. ಒಬ್ಬರು ಬಾಂಧವರೇ ಎನ್ನಿ ಎಂದರು, ಇನ್ನೊಬ್ಬರು ಮಹಾಜನಗಳೇ ಎಂದರು. ಓಟು ಕೇಳಲು ಬಂದವರ ಹಾಗಿತ್ತು. ಬಾಯಿ ಮುಚ್ಚಿಸಿಕೊಂಡಿದ್ದ ದೊಡ್ಡಪ್ಪ ಅಡುಗೆಮನೆಗೇ ಬಂದು, ‘ಕೇಳೋರೇ ಅನ್ನು. ಕೇಳ್ದೆ ಇರೋರು ಎಂಗೂ ಕೇಳಾಕಿಲ್ಲ’ ಎಂದರು. ಅದೇ ನಿಂತಿತು.

ಯಾರನ್ನೂ ನಾವಾಗಿ ಅಣ್ಣ, ಅಕ್ಕ ಎಂದು ಊಹೆ ಮಾಡಿ ಕರೆಯಬಾರದು, ಅವರು ಇಟ್ಟುಕೊಂಡ ಹೆಸರು ಹಿಡಿದು ಕರೆಯಬೇಕು ಎಂದೂ ಹೇಳಿದ್ದೇನೆ. ಅಕ್ಕ ಎನ್ನಿಸಿಕೊಳ್ಳಲು ಆಸೆ ಇದ್ದವರು ಹೇಳಿದರೆ ಅಕ್ಕ. ‘ನನ್ನ ಅಕ್ಕ ಅನ್ನದೆ ಇದ್ರೆ ನಾನು ಓ ಅನ್ನಾಕಿಲ್ಲ’ ಎಂದು ಬೆಟ್ಟಮ್ಮ ಕೂಡಲೇ ಹೇಳಿ ಕಳಿಸಿದಳು. ಅವಳು ಅಕ್ಕನೇ. ಎಲ್ಲರೂ ಖುಷಿಯಾಗಿ ಒಪ್ಪಿದರು. ಈ ಸಲ ನಿನ್ನ ಹೆಸರನ್ನು ಎಲ್ಲೂ ಎತ್ತಿಲ್ಲ.

ದೊಡ್ಡವ್ವ


ಮಳವಳ್ಳಿ
21 ಮಾರ್ಚ್ 2025

ದೊಡ್ಡವ್ವ,

ಹರಿಯಲಿಲ್ಲ. ಓದಿದೆ.

ಎಲ್ಲರೂ ಖುಷಿಯಾಗಿ ಒಪ್ಪಿದರು ಎಂದು ಬರೆದಿದ್ದೀಯ. ಜಲಾಲ್ ಸಾಹೇಬರೂ ಆ ಗುಂಪಿನಲ್ಲಿದ್ದಾರೆ, ನಿನ್ನ ಕತೆ ಕೇಳಿಕೊಂಡೇ ಫೋಟೋಗೆ ಕಟ್ಟು ಹಾಕುತ್ತಾರೆ ಎಂಬುದು ನಿನಗೆ ಗೊತ್ತಿಲ್ಲ. ಅವರ ಫೋನಿನಲ್ಲಿ ನೋಡಿದೆ. ಸಂತೆ ಮುಗಿದಾಗ ಜನ ಚೀಲ ಎತ್ತಿಕೊಂಡು ಹೊರಡುವ ಹಾಗೆ ಒಬ್ಬೊಬ್ಬರಾಗಿ ಎದ್ದು ಹೋಗಿದ್ದಾರೆ. ನಿನಗೆ ಆ ಕಟ್ಟೆ ಎಂದರೆ ಎಷ್ಟು ಎಂದು ನನಗೆ ಗೊತ್ತು. ಯಾಕೆ ಮುಚ್ಚಿಟ್ಟೆ?

ಮರಿಸಿದ್ದಯ್ಯನವರು ಬರೆದದ್ದನ್ನೂ ಓದಿದೆ. ಗಂಡು ಗಂಡೇ, ಹೆಣ್ಣು ಹೆಣ್ಣೇ, ಯಾರೋ ಒಬ್ಬರಿಗೋಸ್ಕರ ಊರಿನವರೆಲ್ಲ ನಾಲಿಗೆ ತಿರುವಿಕೊಳ್ಳಬೇಕಾ ಎಂದು. ಓದಿ ಫೋನು ವಾಪಸು ಕೊಡಲು ಹೋದೆ. ಸಾಹೇಬರು, ‘ತಡಿ, ಅಮ್ಮ ಕೊಟ್ಟಿರೋ ಜವಾಬು ಕೇಳು’ ಎಂದು ನಿನ್ನ ದನಿ ಹಾಕಿದರು. ನೀನು ಅದನ್ನು ನನಗೆ ಬರೆದಿರಲಿಲ್ಲ. ನಾನೇ ಬರೆದು ತೋರಿಸುತ್ತೇನೆ.

‘ಮರಿಸಿದ್ದಯ್ಯನೋರೇ, ಒಬ್ರಿಗೋಸ್ಕರ ಅಂತೀರಲ್ಲ, ಈ ಕಟ್ಟೆ ಕಟ್ಟಿದ್ದೇ ಒಬ್ರಿಗೋಸ್ಕರ ಕಣ್ರೀ. ಆ ಒಬ್ರು ಕೇಳ್ತೀನಿ ಅಂದಿದ್ದಕ್ಕೆ ನಾನು ಬಾಯಿ ಬುಟ್ಟಿದ್ದು. ನೀವೆಲ್ಲಾ ಆಮೇಲೆ ಬಂದೋರು. ಬ್ಯಾಡ ಅಂದೋಳಲ್ಲ ನಾನು. ಕೂತ್ಕಳಿ, ಜಾಗ ಐತೆ.’

ಸಾಹೇಬರು ಅದನ್ನು ಎರಡನೇ ಸಲ ಹಾಕಿದರು. ನಾನು ಆಲ್ಬಂ ಕಡೆ ಮುಖ ಮಾಡಿಕೊಂಡು ಕೂತಿದ್ದೆ. ಆಮೇಲೆ ನೋಡಿದರೆ ಮದುಮಗನ ಮುಖದ ಮೇಲಿನ ಕಲೆ ಅಳಿಸಲು ಹೋಗಿ ಅರ್ಧ ಮೀಸೆಯನ್ನೇ ಅಳಿಸಿದ್ದೆ.

ಸಾಹೇಬರು ನನ್ನನ್ನು ಏನೂ ಕೇಳಲಿಲ್ಲ. ಆದರೆ ಮಾರನೆಯ ದಿನ ಒಂದು ದೊಡ್ಡ ಕುಟುಂಬ ಫೋಟೋಗೆ ಬಂದಾಗ ಅವರ ಕೂಗು ಬೇರೆಯಾಗಿತ್ತು. ‘ಎತ್ತರ ಇರೋರು ಹಿಂದೆ, ಕುಳ್ಳಕಿರೋರು ಮುಂದೆ.’ ಮೀಸೆ ಹೊತ್ತ ಯಜಮಾನರೊಬ್ಬರು ಮಕ್ಕಳ ಜೊತೆ ಮುಂದಿನ ಸಾಲಿಗೆ ಬಂದು ನಿಲ್ಲಬೇಕಾಯಿತು. ಫೋಟೋ ಚೆನ್ನಾಗಿ ಬಂದಿದೆ.

ಅಪ್ಪು ಏನೆಂದ ಎಂದು ಈಗ ಬರೆಯುತ್ತೇನೆ. ಫೋನು ಮಾಡಿದವನೇ ಮೊದಲು ಊಟ ಆಯಿತಾ ಎಂದು ಕೇಳಿದ. ಆಮೇಲೆ, ‘ನೀನು ಏನ್ ಬೇಕಾದ್ರೂ ಆಗು, ನನ್ ಬೈಕ್ ಮಾತ್ರ ಕೇಳ್ಬೇಡ’ ಎಂದ. ಅವ್ವನಿಗೆ ಹೇಳಬೇಡ ಎಂದೆ. ಹೇಳುವುದಿಲ್ಲ ಎಂದು ಆಣೆ ಇಟ್ಟಿದ್ದಾನೆ. ಆ ದಿನ ನಾನು ಇದನ್ನು ಬರೆದಿದ್ದರೆ ನಿನಗೆ ಸಮಾಧಾನವಾಗುತ್ತಿತ್ತು. ಸಿಟ್ಟಿಗೆ ಬೇಕೆಂದೇ ಬರೆಯಲಿಲ್ಲ.

ಗುತ್ತಲಿಗೆ ಬರಲಾ?

ದೀಪು


ಗುತ್ತಲು
26 ಮಾರ್ಚ್ 2025

ದೀಪು,

ಇದನ್ನು ಕೇಳಬೇಕಾ?

ಯುಗಾದಿಯ ಮಾರನೆಯ ದಿನ, ಸೋಮವಾರ, ಹೊಸ್ತೊಡಕು. ಅವತ್ತೇ ರಂಜಾನ್ ಕೂಡ ಬರುವ ಹಾಗಿದೆಯಂತೆ, ಜಲಾಲ್ ಸಾಹೇಬರು ಅಂಗಡಿ ಮುಚ್ಚುತ್ತಾರೆ, ನಿನಗೆ ರಜೆ ಬೇಡಿಕೊಳ್ಳುವ ಕೆಲಸವೂ ಇಲ್ಲ. ಸೋಮವಾರವೆಂದು ರಂಜಿತಳ ಮನೆಯಲ್ಲಿ ಬಾಡೂಟವನ್ನು ಮಂಗಳವಾರಕ್ಕೆ ಹಾಕಿಕೊಂಡಿದ್ದಾರೆ. ನಿನ್ನ ದೊಡ್ಡಪ್ಪ ಆ ವಿಷಯದಲ್ಲಿ ವಾರ ನೋಡುವವರಲ್ಲ. ಬೆಳಗಿನ ಬಸ್ಸಿಗೇ ಹೊರಡು.

ಹೋದವರ ವಿಷಯ ಮುಚ್ಚಿಟ್ಟದ್ದು, ಅದರ ಭಾರ ನಿನ್ನ ತಲೆಗೆ ಬರಬಾರದು ಎಂದು. ಹೋದವರಲ್ಲಿ ಕೆಲವರು ವಾಪಸು ಬಂದಿದ್ದಾರೆ. ಮರಿಸಿದ್ದಯ್ಯನವರು ಹೋಗಲೇ ಇಲ್ಲ, ಗುಮ್ಮನ ಹಾಗೆ ಕೂತು ಎಲ್ಲ ಕತೆಯನ್ನೂ ಕೇಳುತ್ತಾರೆ.

ದೊಡ್ಡವ್ವ


ಗುತ್ತಲು
4 ಏಪ್ರಿಲ್ 2025

ದೀಪು,

ನೀನು ಬಂದು ಹೋದ ಮೇಲೆ ಮನೆ ದೊಡ್ಡದಾಗಿ ಕಾಣುತ್ತಿದೆ.

ಬಾಗಿಲಲ್ಲಿ ನಿನ್ನನ್ನು ನೋಡಿದಾಗ ನನಗೆ ಮೊದಲು ಕಂಡದ್ದು ನಿನ್ನ ಕಿವಿಗಳು. ಇಷ್ಟು ದಿನ ಕೂದಲಿನಲ್ಲಿ ಮುಚ್ಚಿಹೋಗಿದ್ದವು. ನಿಮ್ಮಪ್ಪನ ಕಿವಿಗಳೇ. ತೀರಿಹೋದ ಮನುಷ್ಯ ಒಂದು ಗಳಿಗೆ ಬಾಗಿಲಲ್ಲಿ ನಿಂತ ಹಾಗಾಯಿತು. ಅದನ್ನು ಅವತ್ತು ಬಾಯಿಬಿಟ್ಟು ಹೇಳಲು ಆಗಲಿಲ್ಲ.

ರಂಜಿತ ಬಂದು ಇಣುಕಿದಾಗ ನಾನು ‘ನಮ್ಮ ಮಗಳು ಬಂದವಳೆ’ ಎಂದುಬಿಟ್ಟೆ. ಅಂದ ಕೂಡಲೇ, ಈಗ ಎದ್ದು ಹೋಗುತ್ತದೆ ಮಗು ಎಂದುಕೊಂಡೆ. ನೀನು ಈರುಳ್ಳಿ ಹೆಚ್ಚುತ್ತಾ, ತಲೆ ಎತ್ತದೆ, ‘ದೀಪು ಬಂದದೆ ಅನ್ನು ದೊಡ್ಡವ್ವ’ ಎಂದೆ. ರಂಜಿತ ಒಂದು ಸಲ ನಿನ್ನನ್ನು, ಒಂದು ಸಲ ನನ್ನನ್ನು ನೋಡಿ, ‘ದೀಪು, ಕಾರ ಕಡ್ಮೆ ಆಕ್ಸು, ನಿಮ್ ದೊಡ್ಡವ್ವಂಗೆ ಕೈ ಅಳತೆ ಇಲ್ಲ’ ಎಂದು ಹೋದಳು. ಅಷ್ಟೇ ಆಯಿತು. ಅಷ್ಟಕ್ಕೆ ನಾನು ಎಷ್ಟು ಹೆದರಿದ್ದೆ.

ನಾನು ಇನ್ನೂ ತಪ್ಪುತ್ತೇನೆ. ಇದೇ ನಾಲಿಗೆ, ಅರವತ್ತಮೂರು ವರ್ಷ ಒಂದೇ ದಾರಿಯಲ್ಲಿ ಓಡಾಡಿದೆ. ತಪ್ಪಿದಾಗ ಹೀಗೇ ಹೇಳು, ಬೇಕಾದರೆ ಬೈ.

ಹೊರಡುವಾಗ ನೀನು ಅವ್ವನಿಗೆ ಹೇಗೆ ಹೇಳುವುದೋ ಗೊತ್ತಿಲ್ಲ ಎಂದೆ. ಬಸ್ಸು ಬಂತು, ಮಾತು ಅಲ್ಲಿಗೇ ಉಳಿಯಿತು. ನಾನೇ ಮದ್ದೂರಿಗೆ ಹೋಗಿ ತಂಗಿಯ ಕಿವಿಗೆ ಹಾಕಿ ಬರೋಣ ಎಂದು ಸೀರೆ ಕೂಡ ತೆಗೆದಿಟ್ಟಿದ್ದೆ. ಆಮೇಲೆ ಮಡಚಿ ಒಳಗಿಟ್ಟೆ. ಹೇಳುವುದು ನಿನ್ನದು, ನಾನು ಕೈ ಹಾಕುವುದಿಲ್ಲ. ನೀನು ಬೇಕು ಎಂದರೆ ಪಕ್ಕದಲ್ಲಿ ಕೂರುತ್ತೇನೆ. ನಿಮ್ಮವ್ವ ಅತ್ತರೆ ಅವಳನ್ನು ನೋಡಿಕೊಳ್ಳುತ್ತೇನೆ, ಕೂಗಾಡಿದರೆ ಅದನ್ನೂ ನೋಡಿಕೊಳ್ಳುತ್ತೇನೆ. ನನ್ನ ತಂಗಿ ತಾನೇ, ಅವಳ ಕೂಗು ನನಗೆ ತೊಟ್ಟಿಲಿನಿಂದ ಗೊತ್ತು.

13ನೇ ತಾರೀಕು ಭಾನುವಾರ ನನಗೆ ಬಿಡುವು. ನಿನಗೆ ಆಗ ಬೇಡ ಎಂದರೆ ಬೇಡ.

ಕಟ್ಟೆಗೆ ಸೇರಿಸಲೇ? ಈ ಸಲ ಕೇಳಿಯೇ ಸೇರಿಸುವುದು.

ದೊಡ್ಡವ್ವ


ಮಳವಳ್ಳಿ
9 ಏಪ್ರಿಲ್ 2025

ದೊಡ್ಡವ್ವ,

ಸೇರಿಸು. ರಂಜಿತಕ್ಕನಿಗೆ ಅಕ್ಕ ಎನ್ನಬಹುದಾ ಎಂದು ಮೊದಲು ಕೇಳಿ ಹೇಳು.

ಅಪ್ಪನ ಕಿವಿ ಎಂದು ಬರೆದದ್ದನ್ನು ಓದಿ ಕನ್ನಡಿ ನೋಡಿಕೊಂಡೆ. ಹೌದು.

ಭಾನುವಾರ ಮದ್ದೂರಿಗೆ ಬರುತ್ತೇನೆ. ನೀನು ಪಕ್ಕದಲ್ಲಿ ಕೂತಿರು. ನಾನು ನಡುವೆ ತಡವರಿಸಿದರೂ ನೀನು ಪೂರ್ತಿ ಮಾಡಬೇಡ, ಕಾಯಿ.

ನಿನ್ನೆ ಸಂಜೆ ಅವ್ವನಿಗೆ ಫೋನು ಮಾಡಿದೆ. ಭಾನುವಾರ ನಾನೂ ದೊಡ್ಡವ್ವನೂ ಬರುತ್ತೇವೆ ಎಂದೆ. ಏನು ವಿಶೇಷ ಎಂದು ಕೇಳಿದಳು. ನನ್ನದೇ ಒಂದು ವಿಷಯ ಇದೆ, ಎದುರಿಗೆ ಕೂತು ಹೇಳಬೇಕು ಎಂದೆ. ಆ ಕಡೆ ಕುಕ್ಕರ್ ಕೂಗುವುದು ಕೇಳಿಸಿತು, ಅವಳು ಹೋಗಿ ಒಲೆ ಸಣ್ಣ ಮಾಡಿದ್ದೂ ಕೇಳಿಸಿತು. ಅಪ್ಪು ಆಣೆ ಮುರಿದನೋ, ಇಲ್ಲ ಅವಳಿಗೆ ಮೊದಲಿಂದಲೇ ಏನಾದರೂ ಹೊಳೆದಿತ್ತೋ ಗೊತ್ತಿಲ್ಲ. ವಾಪಸು ಬಂದು ಕೇಳಿದಳು:

‘ನಾಟಿಕೋಳಿ ಕುಯ್ಸಲಾ? ಇಲ್ಲಾ, ನೀನು ಆ ಇಸ್ಯ ಏಳಿದ್ ಮೇಲೆ ಯಾರ್ಗೂ ಊಟ ಸೇರಾಕಿಲ್ವಾ?’

ನೀನು ಎದ್ದು ಮುದ್ದೆ ತೊಳಸಿದ್ದು ನೆನಪಾಯಿತು ದೊಡ್ಡವ್ವ.

‘ಕುಯ್ಸು ಅವ್ವ’ ಎಂದೆ.

ದೀಪು